ಸೊಕ್ಕೆ ದಾರಿಯ ಗಾಳಿಗೊಂದು ಹೆಲ್ಮೆಟ್ಟು

ಹೊನ್ನಾಳಿ ಕಡೆಯಿಂದ ಜಗಳೂರು ತಾಲೂಕಿಗೆ ವರ್ಗವಾದಾಗ ಚಿಕ್ಕಹನುಮಂತಪ್ಪನಿಗೆ ನಲವತ್ತಾರು ದಾಟಿತ್ತು. ಪಶು ಇಲಾಖೆಯಲ್ಲಿ ಸ್ಟಾಕ್‌ಮನ್ ಕೆಲಸ. ಕಡತದಲ್ಲಿ ಹುದ್ದೆಯ ಹೆಸರು ಏನೇ ಇರಲಿ, ಹಳ್ಳಿಯವರ ಬಾಯಲ್ಲಿ ಅವನು ದನದ ಡಾಕ್ಟ್ರು. ಹೆಂಡತಿ ಉಡಚಮ್ಮ ಮತ್ತು ಹೈಸ್ಕೂಲು ಓದುತ್ತಿದ್ದ ಮಗಳು ಚನ್ನಗಿರಿಯ ಬಾಡಿಗೆ ಮನೆಯಲ್ಲೇ ಉಳಿದರು. ಅವನು ಜಗಳೂರಿನಲ್ಲಿ ಒಂದು ಕೋಣೆ ಹಿಡಿದು, ವಾರವೆಲ್ಲ ಹಳ್ಳಿ ತಿರುಗಿ, ಶನಿವಾರ ರಾಜದೂತ್ ಮೋಟಾರ್‌ಸೈಕಲ್ ಹತ್ತಿ ದಾವಣಗೆರೆ ಮೇಲೆ ಹಾಯ್ದು ಮನೆ ಸೇರುತ್ತಿದ್ದ. ಸೋಮವಾರ ಕೋಳಿ ಕೂಗುವ ಹೊತ್ತಿಗೆ ಮತ್ತೆ ಹೊರಡಬೇಕು.

ಜಗಳೂರು ಸೀಮೆಯಲ್ಲಿ ಗಾಳಿಗೆ ಅಡ್ಡ ನಿಲ್ಲುವಂಥದ್ದು ಏನೂ ಇಲ್ಲ. ಆಷಾಢ ಬಂತೆಂದರೆ ಬಯಲಿನುದ್ದಕ್ಕೂ ಅದೊಂದೇ ಸದ್ದು. ಎದುರುಗಾಳಿಗೆ ಗಾಡಿ ಓಡಿಸುವಾಗ ಕಿವಿಯಲ್ಲಿ ಯಾರೋ ರವೆ ಜರಡಿ ಹಿಡಿದಂತಾಗುತ್ತಿತ್ತು. ಮೊದಮೊದಲು ಗಾಡಿ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಆ ಸದ್ದು ಅಡಗುತ್ತಿತ್ತು. ಎರಡನೇ ವರ್ಷಕ್ಕೆ, ಅಂದರೆ ಎಂಬತ್ತನಾಲ್ಕರ ಹೊತ್ತಿಗೆ, ಕೋಣೆಗೆ ಬಂದು ಅನ್ನಕ್ಕಿಟ್ಟು ಉಂಡು ಮಲಗಿದರೂ ಗಾಳಿ ತಲೆಯೊಳಗೇ ಬೀಸುತ್ತಿರುತ್ತಿತ್ತು. ಅವನು ಅದನ್ನು ಯಾರಿಗೂ ಹೇಳಲಿಲ್ಲ. ದಣಿವಿನ ಜತೆಗೆ ಬರುವ ನೂರೆಂಟು ತಾಪತ್ರಯಗಳಲ್ಲಿ ಇದೂ ಒಂದು ಅಂದುಕೊಂಡ. ತಲೆಗೆ ಮಫ್ಲರ್ ಸುತ್ತಿಕೊಳ್ಳುತ್ತಿದ್ದ, ಅಷ್ಟೆ.

ಆ ಆಷಾಢದ ಒಂದು ಬೆಳಿಗ್ಗೆ ಸೊಕ್ಕೆಯಿಂದ ಹೇಳಿಕೆ ಬಂತು. ಅಂಜಮ್ಮ ಎಂಬುವಳ ಎಮ್ಮೆ ಕರು ಹಾಕಲಾರದೆ ಒದ್ದಾಡುತ್ತಿದೆ ಎಂದು. ಅಂಜಮ್ಮ ಗಂಡ ಸತ್ತವಳು, ಕೂಲಿಗೆ ಹೋಗುವವಳು. ಆ ಎಮ್ಮೆಯನ್ನು ಸಾಲದ ಯೋಜನೆಯಲ್ಲಿ ಕೊಡಿಸುವಾಗ ಅರ್ಜಿಗೆ ಶಿಫಾರಸು ಬರೆದವನು ಇವನೇ. ದಾರಿಯುದ್ದಕ್ಕೂ ಗಾಳಿ ಎದೆಗೆ ಕೈಕೊಟ್ಟು ಹಿಂದಕ್ಕೆ ನೂಕಿದಂತೆ ನೂಕುತ್ತಿತ್ತು. ಗಾಡಿ ಮೂರನೇ ಗೇರಿಗೆ ಬಂದರೆ ಹೆಚ್ಚು. ಸೊಕ್ಕೆ ಮುಟ್ಟುವಷ್ಟರಲ್ಲಿ ಅವನ ಕಣ್ಣು ಕೆಂಪಾಗಿ, ತೋಳು ಸೋತು ಹೋಗಿದ್ದವು.

ಕರುವಿನ ಒಂದು ಮುಂಗಾಲು ಒಳಗೆ ಮಡಚಿಕೊಂಡಿತ್ತು. ಅವನು ಅಂಗಿ ಬಿಚ್ಚಿ, ಕೈಗೆ ಎಣ್ಣೆ ಸವರಿಕೊಂಡು, ಕಾಲನ್ನು ನೇರ ಮಾಡಿ, ಇಬ್ಬರು ಗಂಡಸರ ಕೈಲಿ ಹಗ್ಗ ಹಿಡಿಸಿ ಎಳೆಸಿದ. ಕರು ಜಾರಿ ನೆಲಕ್ಕೆ ಬಿತ್ತು. ಕದಲಲಿಲ್ಲ. ಮೂಗಿನ ಲೋಳೆ ತೆಗೆದ, ಹಿಂಗಾಲು ಹಿಡಿದು ಎತ್ತಿ ಜಾಡಿಸಿದ. ಮಂಡಿಯೂರಿ ಕರುವಿನ ಎದೆಗೆ ಸ್ಟೆತಾಸ್ಕೋಪು ಇಟ್ಟ. ಕಿವಿಯಲ್ಲಿ ಗಾಳಿ. ಇನ್ನೊಂದು ಜಾಗದಲ್ಲಿಟ್ಟ. ಅಲ್ಲಿಯೂ ಅದೇ ಗಾಳಿ. ಅದರ ಹಿಂದೆ ಇನ್ನೇನಾದರೂ ಇದೆಯೋ ಎಂದು ಉಸಿರು ಬಿಗಿಹಿಡಿದು ಹುಡುಕಿದ, ಸಿಗಲಿಲ್ಲ.

"ಹೋಗೈತಮ್ಮ," ಎಂದ. "ತಾಯಿ ಉಳೀತಲ್ಲ, ಅಷ್ಟಕ್ಕೇ ಸಮಾಧಾನ ಮಾಡ್ಕೋ."

ಅಂಜಮ್ಮ ತಲೆ ಆಡಿಸಿದಳು. ಆದರೆ ಕೈಯಲ್ಲಿದ್ದ ಗೋಣಿತಾಟನ್ನು ಕೆಳಗಿಡಲಿಲ್ಲ. ಕರುವಿನ ಪಕ್ಕೆಯನ್ನು ತಿಕ್ಕುತ್ತಲೇ ಇದ್ದಳು. ಅವನು ಬಾನಿಯ ಹತ್ತಿರ ಹೋಗಿ ಮೊಣಕೈವರೆಗೆ ತೊಳೆದುಕೊಂಡ. ಅಂಗಿ ತೊಟ್ಟು ಗುಂಡಿ ಹಾಕಿಕೊಳ್ಳುವಾಗ ಹಿಂದಿನಿಂದ ಯಾರೋ ಅವನ ತೋಳು ಮುಟ್ಟಿದರು. ಹಗ್ಗ ಎಳೆದವರಲ್ಲಿ ಒಬ್ಬ. ಕರೆದದ್ದು ಇವನಿಗೆ ಕೇಳಿಸಿರಲಿಲ್ಲ. ತಿರುಗಿ ನೋಡಿದರೆ ಕರು ಮೂಗು ಸೀಟಿಕೊಂಡು ತಲೆ ಎತ್ತಲು ತಿಣುಕುತ್ತಿತ್ತು.

"ಜೀವ ಐತೆ ಸಾಹೇಬ್ರೆ," ಎಂದಳು ಅಂಜಮ್ಮ. ಅಷ್ಟೇ ಹೇಳಿದ್ದು. ಬಯ್ಯಲಿಲ್ಲ, ಮುಖ ಗಂಟು ಹಾಕಲಿಲ್ಲ. ಬೆಲ್ಲದ ಚಹಾ ಕಾಸಿ ಕೊಟ್ಟಳು. ಅದನ್ನು ಕುಡಿಯುತ್ತ ಅವನು ಕರುವನ್ನೇ ನೋಡುತ್ತಿದ್ದ. ಇವಳೂ ನನ್ನ ಮಾತು ನಂಬಿ ಕೈ ಬಿಟ್ಟಿದ್ದರೆ? ಇದಕ್ಕೆ ಮೊದಲು ಹೀಗೆ ಎಷ್ಟು ಕೊಟ್ಟಿಗೆಗಳಲ್ಲಿ ಗಾಳಿಯನ್ನೇ ಕೇಳಿ ಎದ್ದು ಬಂದಿರಬಹುದು?

ಆ ಶನಿವಾರ ದಾವಣಗೆರೆಯಲ್ಲಿ ಗಾಡಿ ನಿಲ್ಲಿಸಿ ಕಿವಿ ಡಾಕ್ಟರ ಬಳಿ ಹೋದ. ಡಾಕ್ಟರು ವಯಸ್ಸಾದವರು, ಅವರಿಗೂ ದಣಿವಾಗಿತ್ತು. ಉಕ್ಕಿನ ಕವಲು ಕಡ್ಡಿಯೊಂದನ್ನು ಮಿಡಿದು ಸದ್ದು ಹೊರಡಿಸಿ ಎರಡೂ ಕಿವಿಯ ಬಳಿ ಹಿಡಿದು, "ಈಗ ಕೇಳ್ತೈತಾ? ಈಗ?" ಎಂದು ಕೇಳಿದರು. ಆಮೇಲೆ ಹೇಳಿದರು, "ಗಾಡಿ ಗಾಳಿಗೆ ಕಿವಿ ಸವೆದೈತೆ. ಹೋಗಿದ್ದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ರಿ. ಪೂರ್ತಿ ಮುಚ್ಚೋ ಹೆಲ್ಮೆಟ್ ಹಾಕ್ರಿ, ಒಳಗೆ ಕಿವಿಗೆ ಹತ್ತಿ ಇಟ್ಕೊಳ್ರಿ. ಕಿವಿಗೆ ಎಣ್ಣೆ ಮಾತ್ರ ಹಾಕಬ್ಯಾಡ್ರಿ."

ಆ ಕಾಲಕ್ಕೆ ಚನ್ನಗಿರಿಯಲ್ಲಿ ಹೆಲ್ಮೆಟ್ ಹಾಕುವವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಬಸ್‌ಸ್ಟ್ಯಾಂಡ್ ಬಳಿ ಸ್ಪೇರ್‌ಪಾರ್ಟ್ಸ್ ಅಂಗಡಿ ಇಟ್ಟಿದ್ದ ಕೊಟ್ರಬಸಪ್ಪ ನಾಲ್ಕಾರನ್ನು ಸೂರಿಗೆ ನೇತು ಹಾಕಿದ್ದ. ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಹೋದರು.

"ಕಿವಿಗೆ ಗಾಳಿ ಬಡೀಬಾರ್ದು, ಅಂಥದ್ದು ಕೊಡ್ರಿ," ಎಂದ ಚಿಕ್ಕಹನುಮಂತಪ್ಪ.

ಕೊಟ್ರಬಸಪ್ಪ ಅವನನ್ನೇ ನೋಡಿದ. "ತಲೆ ಒಡೀಬಾರ್ದು ಅಂತ ಕೇಳ್ಕೊಂಡು ಬರೋರನ್ನ ನೋಡೀನಿ. ಕಿವಿಗೆ ಅಂತ ಬಂದೋರು ನೀವೇ ಮೊದ್ಲು."

ಎಲ್ಲಕ್ಕಿಂತ ಅಗ್ಗದ್ದು ಬೋಗುಣಿಯಂಥದ್ದು, ಕಿವಿ ಹೊರಗೇ ಉಳಿಯುತ್ತಿತ್ತು. ಅದಕ್ಕಿಂತ ಸ್ವಲ್ಪ ಮೇಲಿನದು ಪೂರ್ತಿ ಮುಚ್ಚುವಂಥದ್ದೇ, ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಉಡಚಮ್ಮ ಅದನ್ನು ಕೈಗೆ ತಗೊಂಡು ಹೆಬ್ಬೆರಳಲ್ಲಿ ಒತ್ತಿದಳು. ಒತ್ತಿದಲ್ಲಿ ತಗ್ಗಾಯಿತು.

"ನಮ್ಮನೆ ಪ್ಲಾಸ್ಟಿಕ್ ಕೊಡ ಇದಕ್ಕಿಂತ ಗಟ್ಟಿ ಐತೆ," ಎಂದಳು.

ಕೊಟ್ರಬಸಪ್ಪ ನಗಲಿಲ್ಲ. "ನಿಜ ಕಣಮ್ಮ. ಅದು ನೋಡಾಕಷ್ಟೆ." ಬಳಿಕ ಗಾಜಿನ ಬೀರುವಿನಲ್ಲಿದ್ದದ್ದನ್ನು ತೋರಿಸಿದ. ಅದರ ಬೆಲೆ ಕೇಳಿ ಇಬ್ಬರೂ ಒಮ್ಮೆಗೇ ಬೇರೆ ಕಡೆ ನೋಡಿದರು. ಅವನು ಇನ್ನೇನು ಬೋಗುಣಿಯನ್ನೇ ಕೊಂಡು ಮೇಲೆ ಮಫ್ಲರ್ ಸುತ್ತುವುದೆಂದು ಮನಸ್ಸು ಮಾಡಿದ್ದ. ಅಷ್ಟರಲ್ಲಿ ಕೊಟ್ರಬಸಪ್ಪ ಟಯರುಗಳ ಹಿಂದಿನಿಂದ ಧೂಳು ಹಿಡಿದ ಒಂದು ಡಬ್ಬ ಎಳೆದ. ಒಳಗೆ ಗಿಳಿ ಹಸಿರು ಬಣ್ಣದ ಹೆಲ್ಮೆಟ್ಟು.

"ಮಾಲು ಚಲೋದು, ಐಎಸ್ಐ ಮಾರ್ಕೂ ಐತೆ. ಬಣ್ಣ ನೋಡಿ ಯಾರೂ ಮುಟ್ಟಲಿಲ್ಲ. ಎರಡು ವರ್ಷದಿಂದ ಇಲ್ಲೇ ಬಿದ್ದೈತೆ. ನಾನು ತಂದ ರೇಟಿಗೇ ಕೊಡ್ತೀನಿ."

ಅವನು ಹಾಕಿಕೊಂಡ. ಕೆನ್ನೆ ಒತ್ತಿಕೊಂಡು ತುಟಿ ಮುಂದೆ ಬಂತು. "ಬಿಗಿ ಐತೆ," ಎಂದ.

"ಬಿಗಿ ಇರ್ಲಿ. ತಲೆ ಅಲ್ಲಾಡ್ಸಿ ನೋಡ್ರಿ. ಕೆನ್ನೆ ಚರ್ಮ ಅದರ ಜತೀಗೇ ಬರ್ಬೇಕು. ತಲೆ ಒಂದು ಕಡೆ, ಹೆಲ್ಮೆಟ್ಟು ಒಂದು ಕಡೆ ಹೋದ್ರೆ ಗಾಳಿ ಒಳಗೆ ಹೊಕ್ಕು ಸಂಸಾರ ಹೂಡ್ತೈತೆ. ಹಣೆ ನೋವಾದ್ರೆ ಹೇಳ್ರಿ, ಅದು ಆಗಬಾರ್ದು."

ಹಣೆ ನೋಯಲಿಲ್ಲ. ಹಾಕಿಕೊಂಡೇ ಸ್ವಲ್ಪ ಹೊತ್ತು ಅಂಗಡಿ ಮುಂದೆ ನಿಂತ. ಬೀದಿಯಲ್ಲಿ ಹೋಗುವವರು ತಿರುಗಿ ತಿರುಗಿ ನೋಡಿದರು. ಉಡಚಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು. ನಗುತ್ತಿದ್ದಾಳೆಂದು ಅವನಿಗೆ ಗೊತ್ತಾಯಿತು. ಬೇಜಾರಾಗುವಷ್ಟು ಶಕ್ತಿಯೂ ಅವನಲ್ಲಿರಲಿಲ್ಲ. ಕೊಂಡುಕೊಂಡ.

ಸೋಮವಾರದ ಪ್ರಯಾಣದಲ್ಲಿ ಅವನ ಆಸೆ ಅರ್ಧ ಮುರಿಯಿತು. ಬಡಿಯುವ ಗಾಳಿ ನಿಂತಿತ್ತು ನಿಜ, ಆದರೆ ಗದ್ದದ ಕೆಳಗಿನಿಂದ ಒಳನುಗ್ಗಿದ ಗಾಳಿ ಖಾಲಿ ಬಿಂದಿಗೆಯ ಬಾಯಿಗೆ ಊದಿದಂತೆ ಗುಂಯ್‌ಗುಡುತ್ತಿತ್ತು. ಹೆಲ್ಮೆಟ್ಟಿನ ಮುಂದಿನ ಗಾಜಿನ ತಿರುಪಿನ ಹತ್ತಿರ ಸಣ್ಣಗೆ ಸಿಳ್ಳೆ ಬೇರೆ. ಜಗಳೂರು ತಲುಪಿ ಹೆಲ್ಮೆಟ್ಟನ್ನು ಮೂಲೆಗೆ ಇಟ್ಟು ಗೋಡೆಗೆ ಒರಗಿ ಕೂತ. ಇಷ್ಟು ಮಾಡಿಯೂ ಇಷ್ಟೇನಾ ಅನ್ನಿಸಿತು.

ಆಮೇಲಿನ ವಾರಗಳಲ್ಲಿ ಒಂದೊಂದೇ ಸರಿ ಮಾಡುತ್ತ ಹೋದ. ಗಾಜಿನ ತಿರುಪಿನ ಅಡಿಗೆ ಹಳೇ ಸೈಕಲ್ ಟ್ಯೂಬು ಕತ್ತರಿಸಿ ಬಿಲ್ಲೆ ಮಾಡಿ ಇಟ್ಟ. ಸಿಳ್ಳೆ ನಿಂತಿತು. ಯಾರೋ ಹೇಳಿದರೆಂದು ಹ್ಯಾಂಡಲಿಗೆ ಪ್ಲಾಸ್ಟಿಕ್ ಹಾಳೆಯ ಅಡ್ಡಗಾಜು ಕಟ್ಟಿಸಿದ. ಅದರಿಂದ ಎದೆಗೆ ಬೀಸುವ ಗಾಳಿ ತಪ್ಪಿತೇ ಹೊರತು, ಹಾಳೆಯ ಅಂಚು ಹತ್ತಿ ಬಂದದ್ದೆಲ್ಲ ನೇರ ಹೆಲ್ಮೆಟ್ಟಿಗೇ ಅಪ್ಪಳಿಸಿ ಸದ್ದು ಮೊದಲಿಗಿಂತ ಹೆಚ್ಚಾಯಿತು. ಎರಡೇ ದಿನಕ್ಕೆ ಬಿಚ್ಚಿ ಎಸೆದ. ಗದ್ದದ ಕೆಳಗಿನ ಸಂದಿಗೆ ದಾರಿ ಕಂಡವಳು ಉಡಚಮ್ಮ. ಹರಿದ ಕಂಬಳಿಯ ಅಂಚನ್ನು ಕತ್ತರಿಸಿ, ಸುರುಳಿ ಮಾಡಿ, ಹಳೇ ಸೀರೆಯ ಬಟ್ಟೆಯಲ್ಲಿ ಸುತ್ತಿ, ಹೆಲ್ಮೆಟ್ಟಿನ ಒಳ ಅಂಚಿಗೆ ಸುತ್ತಲೂ ಹೊಲಿದಳು. ಒಳಗಿನ ದಪ್ಪ ಮೆತ್ತೆಯನ್ನು ಮಾತ್ರ ಮುಟ್ಟಬೇಡವೆಂದು ಅವನು ಹೇಳಿದ. ಬಿದ್ದರೆ ತಲೆ ಕಾಯುವುದು ಅದೇ ತಾನೆ.

"ಸೆಕೆ ಆಗ್ತೈತೇನೋ," ಎಂದಳು.

"ಆಗ್ಲಿ ಬಿಡು."

"ಇನ್ನೊಂದು ಮಾತು ಹೇಳ್ತೀನಿ. ಬೇಜಾರು ಮಾಡ್ಕಬ್ಯಾಡ್ರಿ. ಗಾಡಿ ನಿಧಾನ ಬಿಡ್ರಿ. ಗಾಳಿ ಸದ್ದು ಅರ್ಧ ನಿಮ್ಮ ಅವಸರದ್ದೇ."

ಅವನಿಗೆ ಬೇಜಾರಾಯಿತು. ಹೇಳಿಕೆ ಬಂದ ಊರು ನಾಲ್ಕು, ಇರುವ ಕೈ ಎರಡು, ನಿಧಾನವೆಂದರೆ ಹೇಗೆ? ಆದರೂ ಮುಂದಿನ ಸಲ ಮುಳ್ಳು ನಲವತ್ತು ದಾಟದ ಹಾಗೆ ಹೋದ. ಕುತ್ತಿಗೆಗೆ ಮಫ್ಲರ್, ಕಿವಿಯಲ್ಲಿ ತೆಳ್ಳಗೆ ಹತ್ತಿ. ಹಿಂದಿನಿಂದ ಬಂದ ಲಾರಿಯ ಹಾರನ್ನು ಸ್ಪಷ್ಟವಾಗಿ ಕೇಳಿಸಿತು, ಪಕ್ಕಕ್ಕೆ ಸರಿದ. ಗಾಳಿ ಪಕ್ಕದ ಮನೆಯ ಜಗಳದಷ್ಟು ದೂರ ಹೋಗಿತ್ತು. ಹೊರಗೆ ಹೊಲದಲ್ಲಿ ಜೋಳದ ಎಲೆಗಳೆಲ್ಲ ಒಂದೇ ಕಡೆಗೆ ಮಲಗಿದ್ದವು.

ಹಸಿರು ಹೆಲ್ಮೆಟ್ಟು ಕಂಡರೆ ಹಳ್ಳಿಯ ನಾಯಿಗಳು ಊರಾಚೆಯಿಂದಲೇ ಬೆನ್ನು ಹತ್ತುತ್ತಿದ್ದವು. ಎತ್ತುಗಳು ಹಗ್ಗ ಕಿತ್ತುಕೊಳ್ಳುತ್ತಿದ್ದವು. ಅದಕ್ಕೇ ಊರ ಹೊರಗಿನ ಮರದಡಿ ಗಾಡಿ ನಿಲ್ಲಿಸಿ, ಹೆಲ್ಮೆಟ್ಟು ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ಕೂತು, ಆಮೇಲೆ ನಡೆದು ಹೋಗುವುದನ್ನು ರೂಢಿ ಮಾಡಿಕೊಂಡ. ಹಾಗೆ ಕೂತಾಗ ಕಿವಿಯೊಳಗಿನ ಗಾಳಿ ಮೆಲ್ಲಗೆ ಇಳಿಯುವುದು ಅವನಿಗೇ ತಿಳಿಯುತ್ತಿತ್ತು. ಪೂರ್ತಿ ಎಂದೂ ಇಳಿಯಲಿಲ್ಲ. ತಳದಲ್ಲಿ ಸಣ್ಣಗೆ ಒಂದು ಸದ್ದು ಉಳಿದೇ ಇರುತ್ತಿತ್ತು. ಆದರೆ ಅದರ ಆಚೆಗೆ ಹಸುವಿನ ಹೊಟ್ಟೆ ಗುಡುಗುವುದು, ಕರುವಿನ ಎದೆ ಹೊಡೆದುಕೊಳ್ಳುವುದು ಕೇಳತೊಡಗಿತು. ಅನುಮಾನ ಬಂದರೆ, "ತಡೀರಿ, ಇನ್ನೊಂದ್ಸಲ ನೋಡ್ತೀನಿ," ಎನ್ನುತ್ತಿದ್ದ. ಡಾಕ್ಟ್ರಿಗೆ ವಯಸ್ಸಾಯ್ತು ಎಂದು ಜನ ಆಡಿಕೊಂಡರು. ಆಡಿಕೊಳ್ಳಲಿ ಎಂದು ಬಿಟ್ಟ.

ಮೂರು ವರ್ಷ ಕಳೆದ ಮೇಲೆ ಅವನನ್ನು ಸವಳಂಗಕ್ಕೆ ಹಾಕಿದರು. ಕೇಳಿದ್ದು ಚನ್ನಗಿರಿ, ಸಿಕ್ಕಿದ್ದು ಇದು. ಆದರೂ ದಿನಾ ಮನೆಗೆ ಹೋಗಿ ಬರುವಷ್ಟು ಹತ್ತಿರ. ಮಗಳನ್ನು ಅಷ್ಟರಲ್ಲಿ ಹೊನ್ನಾಳಿಗೆ ಕೊಟ್ಟಿದ್ದರು. ಅವಳಿಗೆ ತಿಂಗಳು ತುಂಬುತ್ತಿದೆ ಎಂದು ಒಂದು ಭಾನುವಾರ ಉಡಚಮ್ಮನನ್ನು ಹಿಂದೆ ಕೂರಿಸಿಕೊಂಡು, ತನಗೆ ರೂಢಿಯಿದ್ದ ಸವಳಂಗದ ದಾರಿ ಹಿಡಿದು ಹೊರಟ.

ನ್ಯಾಮತಿ ದಾಟಿದ ಮೇಲೆ ಅವನ ಬೆನ್ನಿಗೆ ಅವಳ ಉಸಿರು ತಾಗುತ್ತಿತ್ತು. ಏನೋ ಹೇಳುತ್ತಿದ್ದಾಳೆ ಎನ್ನುವುದಷ್ಟೇ ಗೊತ್ತಾಯಿತು, ಮಾತು ಹಿಡಿಯಲಾಗಲಿಲ್ಲ. "ಹ್ಞೂಂ," ಎಂದ. ಅವಳು ಸುಮ್ಮನಾದಳು. ಸ್ವಲ್ಪ ದೂರ ಹೋದಮೇಲೆ ಅದು ಅವನನ್ನು ಕೊರೆಯತೊಡಗಿತು. ಏನಕ್ಕೆ ಹ್ಞೂಂ ಅಂದೆ? ಎಷ್ಟು ವರ್ಷದಿಂದ ಹೀಗೆ ಕೇಳಿಸದೆ ಹ್ಞೂಂ ಅನ್ನುತ್ತ ಬಂದಿದ್ದೇನೆ? ಗಾಡಿಯನ್ನು ಒಂದು ಬೇವಿನ ಮರದಡಿ ತಂದು ನಿಲ್ಲಿಸಿದ. ಹೆಲ್ಮೆಟ್ಟು ತೆಗೆದ. ಹತ್ತಿ ತೆಗೆದ.

"ಏನಾತು? ಪೆಟ್ರೋಲ್ ಮುಗೀತಾ?" ಎಂದಳು.

"ಇಲ್ಲ. ಆಗ್ಲೇ ಏನಂದೆ?"

"ಯಾವಾಗ?"

"ನ್ಯಾಮತಿ ದಾಟಿದ ಮ್ಯಾಲೆ."

ಅವಳು ನೆನಪು ಮಾಡಿಕೊಂಡಳು. "ಸೊಂಟ ಹಿಡಕಂಡೈತೆ, ಎಲ್ಲಾದ್ರೂ ಒಂದೀಟು ನಿಲ್ಸಿ ಅಂದೆ. ಹ್ಞೂಂ ಅಂದ್ರಿ. ನಿಲ್ಲಿಸ್ಲಿಲ್ಲ. ಹೊತ್ತಾಗ್ತೈತೇನೋ ಅಂತ ಸುಮ್ನಾದೆ."

ಅವಳು ಇಳಿದು, ಸೊಂಟಕ್ಕೆ ಕೈಕೊಟ್ಟು, ಮರದ ಬೇರಿನ ಮೇಲೆ ಕೂತಳು. ಅವನೂ ಪಕ್ಕದಲ್ಲಿ ಕೂತ. ಬಸ್ಸೊಂದು ಹೋಯಿತು. ಧೂಳು ಇಳಿದ ಮೇಲೆ ಅವಳು ಮಾತಿಗೆ ತೊಡಗಿದಳು. ಮಗಳ ಅತ್ತೆಯ ಬಗ್ಗೆ, ಹೆರಿಗೆಯನ್ನು ಯಾವ ಆಸ್ಪತ್ರೆಯಲ್ಲಿ ಮಾಡಿಸುವುದೆಂಬ ಬಗ್ಗೆ, ತನಗೆ ಈಚೆಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುವ ಬಗ್ಗೆ. ಕೊನೆಯದನ್ನು ಅವನು ಈವರೆಗೆ ಕೇಳಿಯೇ ಇರಲಿಲ್ಲ.

"ಯಾವಾಗಿಂದ?" ಎಂದು ಕೇಳಿದ.

"ಯುಗಾದಿಯಿಂದ. ಗಾಡಿ ಮ್ಯಾಲೆ ಎರಡು ಸಲ ಹೇಳಿದ್ದೆ."

ನಾಳೆ ರಜ ಹಾಕಿ ಅವಳನ್ನು ಡಾಕ್ಟರಿಗೆ ತೋರಿಸುವುದೆಂದು ಅವನು ಹೇಳಿದ. ಅವಳು ಬೇಡವೆನ್ನಲಿಲ್ಲ. ಬಿಸಿಲು ಮರದ ನೆರಳಿನ ಅಂಚಿನಿಂದ ಅವರ ಕಾಲಿನತ್ತ ಸರಿಯುತ್ತಿತ್ತು. ಇನ್ನೂ ಒಂದಿಷ್ಟು ಹೊತ್ತು ಕೂತಿದ್ದು, ಅವಳು ಸೆರಗಿನಲ್ಲಿ ಕುತ್ತಿಗೆ ಒರೆಸಿಕೊಂಡು ಎದ್ದ ಮೇಲೆ ಅವನೂ ಎದ್ದು ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿದ.