ದೊರೆಯ ಮಲಗುವ ವ್ಯಾನು

ಶೀನಪ್ಪ ಅಂಗಳದ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ವ್ಯಾನಿನ ದೀಪದ ಬಟ್ಟಲನ್ನು ಉಜ್ಜುತ್ತಿದ್ದ. ಬಿಂಬುಳಿಯ ಹುಳಿಕಾಯಿ ಜಜ್ಜಿ, ಅದಕ್ಕೆ ಒಲೆಯ ಬೂದಿ ಸೇರಿಸಿ, ತೆಂಗಿನ ನಾರಿನಿಂದ ತಿಕ್ಕುವುದು. ದೇವರ ದೀಪ ತೊಳೆಯುವ ಕ್ರಮವೇ. ಬೆಳಗಿನಿಂದ ತಿಕ್ಕಿ ತಿಕ್ಕಿ ಬೆರಳುಗಳು ಬಿಳಿಚಿಕೊಂಡಿದ್ದವು. ಕಪ್ಪು ಕಳೆದು ಒಳಗಿನ ಹಿತ್ತಾಳೆ ಹೊಳೆಯತೊಡಗಿದಾಗ ಅದನ್ನು ಬಿಸಿಲಿಗೆ ಹಿಡಿದು ನೋಡಿದ.

"ಇಲ್ಲಿ ಕೇಳಿತಾ," ಒಳಗಿನ ಕೋಣೆಯಿಂದ ಹೆಂಡತಿ ದಮಯಂತಿಯ ಸ್ವರ ಬಂತು. "ಮಾಡಿನಲ್ಲಿ ಎಂತದೋ ಓಡಾಡ್ತಾ ಉಂಟು. ಬೆಳಕು."

ಶೀನಪ್ಪ ಕೈಯಲ್ಲಿದ್ದ ಬಟ್ಟಲನ್ನು ನೋಡಿದ, ಕಿಟಕಿಯನ್ನು ನೋಡಿದ. ಬಟ್ಟಲನ್ನು ಮೆಲ್ಲಗೆ ತಿರುಗಿಸಿದ. "ಈಗ ಎಲ್ಲಿ ಉಂಟು?"

"ಗೋಡೆಗೆ ಬಂತು. ಈಗ ಹಂಚಿನ ಕೆಳಗಿನ ಪಕ್ಕಾಸಿನ ಮೇಲೆ. ಅಲ್ಲೇ ಹಿಡೀರಿ, ಅಲ್ಲಾಡಿಸಬೇಡಿ." ಆಮೇಲೆ ಅವಳ ಸ್ವರ ಸಣ್ಣದಾಗಿ ಕೇಳಿತು. "ಮೂಲೆಯ ತೊಲೆಯಲ್ಲಿ ಒಂದು ಹೂ ಕೆತ್ತಿದ್ದಾರೆ. ಯಾವ ಆಚಾರಿಯೋ ಏನೋ. ಇಷ್ಟು ವರ್ಷ ಇದರ ಕೆಳಗೇ ಮಲಗಿದ್ದೇನೆ, ಕತ್ತಲೆಗೆ ಕಾಣಲೇ ಇಲ್ಲ ನೋಡಿ."

ಶೀನಪ್ಪ ತೋಳು ಸೋತರೂ ಬಟ್ಟಲನ್ನು ಹಾಗೆಯೇ ಹಿಡಿದುಕೊಂಡಿದ್ದ. ಬಿಸಿಲು ತಾನಾಗಿಯೇ ಸರಿದು ಹೋದ ಮೇಲೆ ಇಳಿಸಿದ.

ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ದಮಯಂತಿ ಹಾಸಿಗೆ ಹಿಡಿದು ಒಂಬತ್ತು ವರ್ಷವಾಗಿತ್ತು. ಸೊಂಟ ಬಗ್ಗಬಾರದು, ಎತ್ತಿ ಕೂರಿಸಿದರೆ ಜೀವ ಹೋಗುವ ನೋವು. ಕುರ್ಚಿಯಲ್ಲಿ ಹೊರುವಂತಿಲ್ಲ, ಕಂಬಳಿಯಲ್ಲಿ ತೂಗಿಸುವಂತಿಲ್ಲ. ಪುತ್ತೂರಿನ ಡಾಕ್ಟರು ಮನೆಗೇ ಬಂದು ನೋಡಿ, ಮಲಗಿದ್ದರೆ ಚೆನ್ನಾಗಿಯೇ ಇರುತ್ತಾರೆ ಎಂದಿದ್ದರು. ದಮಯಂತಿ ಚೆನ್ನಾಗಿಯೇ ಇದ್ದಳು. ಮಲಗಿದಲ್ಲಿಂದಲೇ ನಾದಿನಿ ಸೀತುವಿನ ಕೈಯಲ್ಲಿ ಅಡಿಗೆ ಮಾಡಿಸಿದಳು, ಗದ್ದೆಯ ಕೆಲಸ ಮಾಡಿಸಿದಳು, ಗಂಡನಿಗೆ ಬೈದಳು. ತನಗೆಂದು ಏನನ್ನೂ ಕೇಳಲಿಲ್ಲ. ಒಂದು ಸಂಜೆ ಶೀನಪ್ಪ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ ಮಾತ್ರ, "ತವರಿನ ಹೊಳೆಯ ಸ್ವರ ಹೇಗೆ ಅಂತ ನೆನಪು ಮಾಡ್ತಾ ಇದ್ದೆ. ಮರೆತೇ ಹೋಯ್ತು" ಎಂದಳು. ಅವಳ ತವರು ಇಚಿಲಂಪಾಡಿಯಲ್ಲಿ, ಹೊಳೆಯ ದಂಡೆಯ ಮೇಲೆ. ಕಡಬದ ಹತ್ತಿರದ ಈ ಮನೆಯಿಂದ ಬೆಳಿಗ್ಗೆ ನಡೆದು ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವಷ್ಟು ದೂರ. ದಮಯಂತಿ ಒಂದು ಮಾತನ್ನು ಎರಡನೆಯ ಸಲ ಹೇಳುವವಳಲ್ಲ ಎಂಬುದು ಶೀನಪ್ಪನಿಗೆ ಗೊತ್ತಿತ್ತು.

ವ್ಯಾನು ಸಿಕ್ಕಿದ್ದು ಪಂಜದ ಆಚೆಯ ಒಂದು ರಬ್ಬರ್ ತೋಟದಲ್ಲಿ. ಸ್ವಾತಂತ್ರ್ಯ ಬಂದ ಮರುವರ್ಷ ತೋಟದ ಬಿಳಿ ದೊರೆ ಹಡಗು ಹತ್ತಿದ್ದ. ಅವನು ಶಿಕಾರಿಗೆ ಹೋಗುವಾಗ ಉಪಯೋಗಿಸುತ್ತಿದ್ದ ವ್ಯಾನು ರಬ್ಬರ್ ಹಾಳೆಗೆ ಹೊಗೆ ಹಾಕುವ ಕೊಟ್ಟಿಗೆಯ ಹಿಂದೆ ನಿಂತಲ್ಲೇ ನಿಂತು ತುಕ್ಕು ಹಿಡಿದು ಕೋಳಿಗೂಡಾಗಿತ್ತು. ಯುದ್ಧದ ಕಾಲದಲ್ಲಿ ಬರ್ಮಾ ಗಡಿಯಲ್ಲಿ ಮಿಲಿಟರಿ ಲಾರಿ ಓಡಿಸಿದವನಾದ ಶೀನಪ್ಪ ತುಕ್ಕು ಕಂಡು ಹೆದರುವ ಆಳಲ್ಲ. ಹಿಂಬಾಗಿಲನ್ನು ಎಳೆದು ತೆರೆದು, ಕೋಳಿಗಳನ್ನು ಓಡಿಸಿ ಒಳಗೆ ಬಗ್ಗಿ ನೋಡಿದ. ಅಲ್ಲೊಂದು ಮನೆ ಇತ್ತು. ಗೋಡೆಗೆ ಆತುಕೊಂಡ ಮಂಚ, ಮಡಚುವ ಮೇಜು, ಕೈ ತೊಳೆಯುವ ಬೋಗುಣಿ, ಸ್ಟವ್ ಇಡುವ ತಗಡಿನ ಗೂಡು, ಗಾಜಿನ ಕಿಟಕಿ. ಅವನು ಕೋಳಿಯ ಹಿಕ್ಕೆಯ ಮೇಲೆಯೇ ಟವೆಲು ಹಾಸಿ ಆ ಮಂಚದಲ್ಲಿ ಮಲಗಿದ. ಕಿಟಕಿಯಲ್ಲಿ ಒಂದು ತುಂಡು ಆಕಾಶ ಕಂಡಿತು. ದೇವರೇ, ಮಲಗಿಕೊಂಡೇ ಹೋಗುವ ಗಾಡಿಯನ್ನೂ ಮನುಷ್ಯರು ಮಾಡಿದ್ದಾರಲ್ಲ ಎಂದುಕೊಂಡ.

ತೋಟದ ಈಗಿನ ಒಡೆಯನಿಗೆ ಒಂದು ಜೋಡಿ ಕೋಣದ ಕರು ಕೊಟ್ಟು ವ್ಯಾನನ್ನು ಪಡೆದ. ಎತ್ತು ಕಟ್ಟಿ ಎಳೆಸಿ, ಜೋಡಿದೋಣಿಯ ಮೇಲೆ ಹೊಳೆ ದಾಟಿಸಿ, ಅದು ಮನೆಯಂಗಳಕ್ಕೆ ಬಂದ ದಿನ ಊರಿಗೆ ಊರೇ ನಗಾಡಿತು. ಶೀನಪ್ಪನಿಗೆ ಅದನ್ನೆಲ್ಲ ಕೇಳಲು ಪುರುಸೊತ್ತಿರಲಿಲ್ಲ.

ಪುತ್ತೂರಿನ ಬಸ್ಸು ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದ ಅಬ್ಬಾಸ್ ರಜೆಯ ದಿನಗಳಲ್ಲಿ ಬಂದು ಎಂಜಿನ್ ಬಿಚ್ಚಿದ. ಬಾಡಿಯ ಕೆಲಸ ಶೀನಪ್ಪನದು. ತುಕ್ಕು ತಿಂದು ತೂತಾದಲ್ಲಿಗೆ ಡಾಂಬರು ಡ್ರಮ್ಮನ್ನು ಕತ್ತರಿಸಿ, ತಟ್ಟಿ ಚಪ್ಪಟೆ ಮಾಡಿ ರಿವೆಟ್ ಹೊಡೆದ. ಉಳಿದ ತುಕ್ಕಿಗೆ ಬಿಂಬುಳಿ ಎಂದದ್ದು ದಮಯಂತಿ. ಹಿತ್ತಲಿನ ಎರಡು ಮರವೂ ಬೋಳಾದವು. "ಉಪ್ಪಿನಕಾಯಿಗೆ ಅಂತ ಒಂದು ಕಾಯಿ ಬಿಡಲಿಲ್ಲ ಇವರು" ಎಂದು ಸೀತು ಸಿಕ್ಕಿದವರೊಡನೆಲ್ಲ ದೂರಿದಳು. ವ್ಯಾನಿನ ತಳಕ್ಕೆ ಶೀನಪ್ಪ, ಮಾಡಿನ ಪಕ್ಕಾಸಿನ ಮರ ಕೆಡದಂತೆ ಹಚ್ಚುವ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೇ ಬಳಿದ.

"ಶೀನಪ್ಪಣ್ಣ, ಇದು ವ್ಯಾನೋ ಅಲ್ಲ ಮನೆಯ ಪಕ್ಕಾಸೋ?" ಎಂದು ಅಬ್ಬಾಸ್ ನಕ್ಕ.

"ಎರಡನ್ನೂ ತಿನ್ನುದು ಮಳೆಯೇ ಅಲ್ವಾ ಮಾರಾಯ," ಎಂದ ಶೀನಪ್ಪ. ಆ ಎಣ್ಣೆ ತಾಗಿ ಅವನ ಮೊಣಕೈವರೆಗೂ ಬೊಕ್ಕೆ ಎದ್ದಿತ್ತು.

ಬಿಚ್ಚಿದ ಒಂದೊಂದು ಭಾಗವನ್ನೂ ತೊಳೆದು, ಒರೆಸಿ, ದಮಯಂತಿಯ ಮಂಚದ ಬಳಿಗೆ ತಂದು ತೋರಿಸುವುದು ಅವನ ಕ್ರಮ. ಅವಳು ಎಲ್ಲವನ್ನೂ ಎದೆಯ ಮೇಲಿಟ್ಟುಕೊಂಡು ತಿರುಗಿಸಿ ನೋಡುತ್ತಿದ್ದಳು. ಕಾರ್ಬುರೇಟರಿನ ಸಣ್ಣ ತೂತಿಗೆ ಕಣ್ಣಿಟ್ಟು, "ಇಷ್ಟು ಸಣ್ಣ ದಾರಿಯಲ್ಲಿ ಎಣ್ಣೆ ಹೋಗಿ ಅಷ್ಟು ದೊಡ್ಡದು ಓಡುದಾ?" ಎಂದು ಕೇಳಿದಳು. ಅರ್ಧ ಆಯುಷ್ಯ ಸ್ಟಿಯರಿಂಗ್ ಹಿಡಿದ ಶೀನಪ್ಪ ಆ ದಿನ ಮೊದಲ ಸಲ ತಾನೂ ಬೆರಗಾಗಿ ಆ ತೂತನ್ನು ನೋಡಿದ.

ಮಂಚಕ್ಕೆ ಅವನು ತನ್ನದೇ ಲೆಕ್ಕ ಹಾಕಿದ್ದ. ಹಗ್ಗದಿಂದ ಅವಳ ಉದ್ದ ಅಳೆದು ಹಲಸಿನ ಹಲಗೆ ಕೂಡಿಸಿದ. ತಲೆ ಹಿಂಬಾಗಿಲ ಕಡೆಗೆ, ಕಾಲು ತನ್ನ ಸೀಟಿನ ಕಡೆಗೆ. ತಲೆಗೆ ತುಸು ಓರೆಯಾದ ಹಲಗೆ ಬೋಲ್ಟ್ ಹಾಕಿ ಕೂರಿಸಿದ. ಹಾಗಾದರೆ ಅವಳಿಗೆ ಎದುರಿನ ಗಾಜಿನಲ್ಲಿ ಇಡೀ ರಸ್ತೆ ಬರುವುದು ಕಾಣುತ್ತದೆ. ಒಂಬತ್ತು ವರ್ಷ ಮಾಡು ನೋಡಿದವಳಿಗೆ ಬರುವ ರಸ್ತೆಯನ್ನು ತೋರಿಸಬೇಕು ಎಂಬುದೇ ಅವನ ಆಸೆ. ಕೆಲಸ ಮುಗಿದ ದಿನ ಅಬ್ಬಾಸ್ ಹ್ಯಾಂಡಲು ತಿರುಗಿಸಿದಾಗ ಎಂಜಿನ್ ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಹತ್ತಿಕೊಂಡಿತು. ಮನೆಯೊಳಗೆ ದಮಯಂತಿಯ ಮಂಚದ ಕೆಳಗಿನ ತಂಬಿಗೆ ನಡುಗಿ ಸದ್ದು ಮಾಡಿತು. ಅವಳು ಕಣ್ಣು ಮುಚ್ಚಿ ಕೈ ಮುಗಿದಳು.

ಹೊರಡುವ ಹಿಂದಿನ ದಿನವೇ ದಮಯಂತಿಯ ಸೋದರಮಾವ ಬೋಜ ಇಚಿಲಂಪಾಡಿಯಿಂದ ಬಂದು ಉಳಿದಿದ್ದರು. ಕುಟುಂಬದ ಯಜಮಾನರು, ಎಂಬತ್ತರ ಹತ್ತಿರದವರು. ಅವರನ್ನು ಕೇಳದೆ ಆ ಕುಟುಂಬದಲ್ಲಿ ಮದುವೆಯ ನಾಂದಿಯೂ ಇಲ್ಲ, ಸತ್ತವರ ಬೊಜ್ಜವೂ ಇಲ್ಲ. ಬೆಳಿಗ್ಗೆ ಸೀತು ದಮಯಂತಿಗೆ ಹಸಿರು ಸೀರೆ ಉಡಿಸಿ, ಮುಡಿಗೆ ಅಬ್ಬಲಿಗೆ ಹೂ ಇಟ್ಟಳು. ಶೀನಪ್ಪ, ಅಬ್ಬಾಸ್, ನೆರೆಮನೆಯ ರಾಧಾಕೃಷ್ಣ ಮತ್ತು ಅವನ ತಮ್ಮ ಸೇರಿ ಅವಳನ್ನು ಒಂದು ಹಲಗೆಗೆ ಸರಿಸಿ, ನಾಲ್ಕು ಮೂಲೆ ಹಿಡಿದು ಎತ್ತಿದರು. ಕೋಣೆ ದಾಟಿ, ಚಾವಡಿ ದಾಟಿ, ಮುಂಬಾಗಿಲ ಹೊಸ್ತಿಲಿಗೆ ಅವಳ ಪಾದ ಮುಟ್ಟುವಷ್ಟರಲ್ಲಿ ಬೋಜ ಮಾವ ಬಾಗಿಲಿಗೆ ಕೈ ಅಡ್ಡ ಹಿಡಿದರು.

"ಇಳಿಸಿ," ಎಂದರು. ಸ್ವರ ಜೋರಾಗಿರಲಿಲ್ಲ. "ಎಂತ ಮಾಡ್ತಾ ಇದ್ದೀರಿ ನೀವು?"

ಆಗ ಎಲ್ಲರಿಗೂ ಕಂಡಿತು. ಹಲಗೆಯ ಮೇಲೆ ಮಲಗಿದವಳು, ಹೂ ಮುಡಿದವಳು, ಹೊತ್ತವರು ನಾಲ್ಕು ಜನ, ಕಾಲು ಮುಂದೆ. ಹಾಗೆ ಮನೆಯಿಂದ ಹೊರಡುವವರು ಯಾರು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಸೀತು ಬಾಯಿಗೆ ಸೆರಗು ಒತ್ತಿದಳು. ಹಲಗೆಯನ್ನು ಚಾವಡಿಯ ನೆಲಕ್ಕೆ ಇಳಿಸಿದರು. ಶೀನಪ್ಪ ಬಾಗಿಲಿನ ಅಗಲ ಅಳೆದಿದ್ದ, ಹೆಂಡತಿಯ ಉದ್ದ ಅಳೆದಿದ್ದ, ಎಂಜಿನಿನ ಒಳಗೆ ಕೂದಲೆಳೆಯಷ್ಟು ಸಂದು ಅಳೆದಿದ್ದ. ಈ ಒಂದು ವಿಷಯ ಅವನ ತಲೆಗೇ ಬಂದಿರಲಿಲ್ಲ.

"ಇವಳ ಅಮ್ಮನನ್ನು ಹೀಗೆ ಹೊರಡಿಸಿದವ ನಾನೇ," ಎಂದರು ಬೋಜ ಮಾವ. "ಜೀವ ಇರುವವಳನ್ನು ಹಾಗೆ ಕೊಂಡು ಹೋಗುದು ನನ್ನ ಕಣ್ಣಿಂದ ನೋಡ್ಲಿಕ್ಕಾಗುದಿಲ್ಲ ಶೀನಪ್ಪ. ಇವತ್ತು ಬೇಡ. ಒಳಗೆ ಮಲಗಿಸಿ."

ಶೀನಪ್ಪ ಹೆಂಡತಿಯ ಮುಖ ನೋಡಿದ. ಈಗ ಒಳಗೆ ಮಲಗಿಸಿದರೆ ಇವಳು ಮತ್ತೆ ಕೇಳುವವಳಲ್ಲ. ಹೊಳೆಯ ಹೆಸರನ್ನೂ ಎತ್ತುವವಳಲ್ಲ. ಅಂಗಳದಲ್ಲಿ ಎಂಜಿನ್ ಸುಮ್ಮನೆ ಓಡುತ್ತಿತ್ತು. ಅಬ್ಬಾಸ್ ಮೆಲ್ಲನೆ ಹೋಗಿ ಅದನ್ನು ನಿಲ್ಲಿಸಿ ಬಂದ.

ದಮಯಂತಿ ನೆಲದ ಮೇಲೆ ಚಾವಡಿಯ ಮಾಡನ್ನು ನೋಡುತ್ತಾ ಮಲಗಿದ್ದಳು. "ಮಾವ," ಎಂದು ಕರೆದಳು.

"ಎಂತ ಮಗ?"

"ನಾನು ಹುಟ್ಟುವಾಗ ನೀವು ಜಗಲಿಯಲ್ಲಿ ಕೂತಿದ್ದಿರಂತೆ. ಅಮ್ಮ ಹೇಳ್ತಾ ಇದ್ದಳು."

"ಕೂತಿದ್ದೆ. ಇಡೀ ರಾತ್ರಿ ಕೂತಿದ್ದೆ."

"ಯಾವುದು ಮೊದಲು ಬಂತು, ನನ್ನದು?"

ಬೋಜ ಮಾವ ಅವಳನ್ನು ನೋಡಿದರು. "ತಲೆ. ಸೂಲಗಿತ್ತಿ ಒಳಗಿಂದ ಹೇಳಿದಳು, ತಲೆ ಕಂಡಿತು ಅಂತ."

"ಹಾಗಾದರೆ ಹಾಗೆಯೇ ಹೊರಡಿಸಿ."

ಬೋಜ ಮಾವ ಹೆಗಲ ಮೇಲಿನ ಶಾಲನ್ನು ತೆಗೆದು ಸೊಂಟಕ್ಕೆ ಬಿಗಿದರು. "ತಿರುಗಿಸಿ," ಎಂದರು. ರಾಧಾಕೃಷ್ಣನನ್ನು ಪಕ್ಕಕ್ಕೆ ಸರಿಸಿ, ತಲೆಯ ಕಡೆಯ ಮೂಲೆಯನ್ನು ತಾವೇ ಹಿಡಿದರು. ಚಾವಡಿಯಲ್ಲಿ ಹಲಗೆ ಅರ್ಧ ಸುತ್ತು ತಿರುಗಿತು. ದಮಯಂತಿಯ ತಲೆ ಹೊಸ್ತಿಲು ದಾಟಿತು, ಆಮೇಲೆ ಭುಜ, ಆಮೇಲೆ ಎದೆ. ಜಗಲಿಯ ಇಳಿಜಾರು ಮಾಡು ಮುಗಿದು ತಟ್ಟನೆ ಆಕಾಶ ಬಂದಾಗ ಅವಳು ಉಸಿರನ್ನು ಒಳಗೆ ಎಳೆದುಕೊಂಡ ಸದ್ದು ಹೊತ್ತವರಿಗೆಲ್ಲ ಕೇಳಿತು.

"ಎಷ್ಟು ಎತ್ತರದಲ್ಲಿ ಉಂಟಪ್ಪ," ಎಂದಳು. ಅವಳ ಕಣ್ಣಿನಿಂದ ನೀರು ಎರಡೂ ಕಿವಿಯ ಕಡೆಗೆ ಇಳಿಯುತ್ತಿತ್ತು. ಬೋಜ ಮಾವ ಕೂಡ ನಡೆಯುತ್ತಲೇ ತಲೆ ಎತ್ತಿ ನೋಡಿದರು, ಅಲ್ಲಿ ಹೊಸದೇನೋ ಇದೆ ಎಂಬಂತೆ.

ವ್ಯಾನಿನೊಳಕ್ಕೂ ಕಾಲು ಮುಂದೆ ಬೇಡ ಎಂದರು ಬೋಜ ಮಾವ. ಶೀನಪ್ಪ ಸ್ಪ್ಯಾನರ್ ತಂದು ಓರೆಹಲಗೆಯನ್ನು ಬಿಚ್ಚಿ ಈ ತುದಿಯಿಂದ ಆ ತುದಿಗೆ ಹಾಕಿದ. ಹಿಂಬಾಗಿಲಿನಿಂದ ತಲೆ ಮೊದಲು ಒಳಗೆ ಹೋದದ್ದರಿಂದ ಈಗ ಅವಳ ತಲೆ ಅವನ ಸೀಟಿನ ಬೆನ್ನಿಗೆ ಬಂತು, ಮುಖ ಹಿಂದಕ್ಕೆ. ಬರುವ ರಸ್ತೆ ಅವಳಿಗೆ ಕಾಣುವುದಿಲ್ಲ. ಹೋದ ರಸ್ತೆ ಮಾತ್ರ, ಹಿಂಬಾಗಿಲಿನ ಎರಡು ಗಾಜಿನಲ್ಲಿ. ಅವನಿಗೆ ಸಂಕಟವಾಯಿತು.

"ಮುಂದಿನದ್ದು ನಿನಗೆ ಕಾಣುದಿಲ್ಲ ಮಾರಾಯ್ತಿ," ಎಂದ.

"ಅದನ್ನು ನೀವು ನೋಡಿ," ಎಂದಳು. ಅವಳ ಸ್ವರ ಅವನ ಕಿವಿಯ ಬುಡದಲ್ಲೇ ಇತ್ತು.

ವ್ಯಾನು ಅಂಗಳ ಬಿಟ್ಟು, ಓಣಿಗಿಳಿದು, ತೋಡಿನ ಬದಿಯ ಏರು ಹತ್ತಿತು. ಶೀನಪ್ಪ ಮೊಟ್ಟೆಯ ಬುಟ್ಟಿ ಹೊತ್ತವನ ಹಾಗೆ ಮೆಲ್ಲಗೆ ಓಡಿಸಿದ. ಏರಿನ ತುದಿಗೆ ಬಂದಾಗ ಹಿಂದಿನಿಂದ ಅವಳ ಕೈ ಬಂದು ಅವನ ಹೆಗಲು ಮುಟ್ಟಿತು.

"ಅದು ಯಾರ ಮನೆ?"

ಅವನು ಬ್ರೇಕ್ ಒತ್ತಿ ತಿರುಗಿ ನೋಡಿದ. ಗಾಜಿನಾಚೆ, ಕೆಳಗೆ, ಬೆಳಗಿನ ಬಿಸಿಲಲ್ಲಿ ಒಂದು ಹಂಚಿನ ಮನೆ ಇತ್ತು. ಪಕ್ಕದ ಹಲಸಿನ ಮರ ಮಾಡನ್ನೂ ಮೀರಿ ಬೆಳೆದಿತ್ತು. ಅಂಗಳದಲ್ಲಿ ಸೀತು, ಹಣೆಗೆ ಕೈ ಅಡ್ಡ ಹಿಡಿದ ಬೋಜ ಮಾವ. ಹಂಚಿನ ಸಂದಿನಿಂದ ಒಲೆಯ ಹೊಗೆ ನೇರ ಮೇಲಕ್ಕೆ ಏಳುತ್ತಿತ್ತು.

"ನಮ್ಮದೇ," ಎಂದ.

ಅವಳು ತುಂಬ ಹೊತ್ತು ನೋಡಿದಳು. "ಇಷ್ಟು ಚಂದ ಉಂಟಾ," ಎಂದಳು. ಆಮೇಲೆ, "ಆ ಸಣ್ಣ ಕಿಟಕಿ?"

"ನಿನ್ನ ಕೋಣೆಯದ್ದು."

ಶೀನಪ್ಪ ಬ್ರೇಕಿನಿಂದ ಕಾಲು ತೆಗೆಯದೆ ಕಾದ. ಎಂಜಿನ್ ಗುರುಗುಡುತ್ತಿತ್ತು. ಹೊಳೆ ಇನ್ನೂ ದೂರ. ಅವಳ ಕೈ ಅವನ ಹೆಗಲ ಮೇಲೆಯೇ ಇತ್ತು. ಇಬ್ಬರೂ ಆ ಕಿಟಕಿಯನ್ನು ನೋಡುತ್ತಿದ್ದರು. ಅಲ್ಲಿ ಯಾರೂ ಇರಲಿಲ್ಲ.