ಬೋರ್ಡಿನ ಮೇಲಿನ ಹನ್ನೆರಡು

ದುಡ್ಡು ಬದಲಿಸಿಕೊಡುವ ಆ ಅಂಗಡಿಯಲ್ಲಿ ಅವನಿಗೆ ಬಿದ್ದ ಹೆಸರು ಬೋರ್ಡಪ್ಪ. ಕೌಂಟರಿನ ಹಿಂದೆ ಕೂತು ನೋಟು ಎಣಿಸುವುದು ಅವನ ಕೆಲಸವಾದರೂ, ಬೆಳಿಗ್ಗೆ ಸ್ಟೂಲು ಹತ್ತಿ ದರದ ಬೋರ್ಡು ಒರೆಸುವುದರಲ್ಲೇ ಅವನಿಗೆ ಹೆಚ್ಚಿನ ಹೆಮ್ಮೆ. ಬೇರೆ ದೇಶಗಳ ದುಡ್ಡಿನ ದರವೆಲ್ಲ ಕೊಕ್ಕೆಗೆ ನೇತುಹಾಕಿದ ತಗಡಿನ ಅಂಕಿಗಳು, ದಿನಾ ಬದಲಾಗುತ್ತಿದ್ದವು. ಗಡಿಯಾಚೆಯ ದೇಶದ ದುಡ್ಡಿಗೆ ಮಾತ್ರ ಕೊಕ್ಕೆಯಿರಲಿಲ್ಲ. ಅಲ್ಲಿ ಆಯಿಲ್ ಪೇಂಟಿನಲ್ಲಿ ದಪ್ಪಗೆ ಹನ್ನೆರಡು ಎಂದು ಬರೆಸಿಬಿಟ್ಟಿದ್ದರು. ಸರ್ಕಾರ ಆ ದರವನ್ನು ಕಟ್ಟಿಹಾಕಿ ಎಷ್ಟೋ ವರ್ಷವಾಗಿತ್ತು. ಅಲ್ಲಾಡದ ಅಂಕಿಗೆ ಕೊಕ್ಕೆಯ ಖರ್ಚು ಯಾಕೆ ಎಂಬುದು ಅಂಗಡಿಯ ಸಾಹುಕಾರರ ಲೆಕ್ಕ.

ಹಾಗೆಂದು ಬೋರ್ಡಪ್ಪನಿಗೆ ಹಿಂದಿನದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಕೇಳುವ ಗಿರಾಕಿ ಸಿಕ್ಕರೆ ಸಾಕು, ಅವನ ಪುರಾಣ ಶುರು. ತಾತನ ಕಾಲದಲ್ಲಿ ಎರಡು ದೇಶದ ದುಡ್ಡೂ ಸಮಸಮ, ಸಂತೆಯಲ್ಲಿ ಯಾವುದು ಕೊಟ್ಟರೂ ನಡೆಯುತ್ತಿತ್ತು. ಯುದ್ಧ ಮುಗಿದ ಮೇಲೆ ಆಚೆಯ ಒಂದಕ್ಕೆ ನಮ್ಮವು ಮೂರಾದವು. ಅಪ್ಪನ ಕಾಲಕ್ಕೆ ನಮ್ಮ ನೋಟು ಎಷ್ಟು ಸೊರಗಿತೆಂದರೆ ಒಂದಕ್ಕೆ ಹನ್ನೆರಡು ಸಾವಿರ. ಆಗ ಸರ್ಕಾರ ಮೂರು ಸೊನ್ನೆ ಹಾರಿಸಿ, ಹೊಸ ನೋಟು ತಂದು, ಹನ್ನೆರಡಕ್ಕೆ ಗೂಟ ಹೊಡೆಯಿತು. ಇಷ್ಟನ್ನೂ ಬಾಯಿಪಾಠ ಮಾಡಿದವನು ಆ ಗೂಟವೂ ಕಿತ್ತುಬರಬಹುದೆಂದು ಯಾಕೆ ಯೋಚಿಸಲಿಲ್ಲವೋ ಕಾಣೆ. ದಿನಾ ಕೈಯಾರೆ ಒರೆಸುವ ಅಂಕಿಯ ಮೇಲೆ ಮನುಷ್ಯನಿಗೆ ಒಂದು ಥರ ಸಲುಗೆ ಬೆಳೆದುಬಿಡುತ್ತದೆ.

ಅವನ ಅಕ್ಕ ಗಡಿಯಾಚೆ ಹಾಸಿಗೆ ಹಿಡಿದ ಮುದುಕಿಯರ ಚಾಕರಿ ಮಾಡಿ, ಹೊಟ್ಟೆ ಬಟ್ಟೆ ಕಟ್ಟಿ, ಒಂದು ಬಿಸ್ಕತ್ತಿನ ಡಬ್ಬಿ ತುಂಬ ಆಚೆಯ ನೋಟು ಕೂಡಿಸಿಕೊಂಡು ಬಂದಿದ್ದಳು. ಅದು ಭಾವನ ಎದೆಯ ಆಪರೇಷನ್ನಿಗೆ. ಅದನ್ನು ಮಾಡುವ ಆಸ್ಪತ್ರೆ ಇದ್ದದ್ದೂ ಆಚೆ ದೇಶದಲ್ಲೇ. ಅವರು ತಮ್ಮ ದೇಶದ ದುಡ್ಡು ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ತಾರೀಕು ಸಿಗಲು ಕೆಲವು ತಿಂಗಳು ಕಾಯಬೇಕಿತ್ತು.

"ಡಬ್ಬೀಲಿಟ್ರೆ ಮರಿ ಹಾಕುತ್ತಾ ಅಕ್ಕ?" ಎಂದಿದ್ದ ಬೋರ್ಡಪ್ಪ. "ನಮ್ಮ ದುಡ್ಡು ಮಾಡಿಸಿ ಬ್ಯಾಂಕಿಗೆ ಹಾಕು. ಇಲ್ಲಿ ಬಡ್ಡಿ ಜಾಸ್ತಿ, ಭಾವನ ಔಷಧಿ ಖರ್ಚು ಅದರಲ್ಲೇ ಗಿಟ್ಟುತ್ತೆ. ಹೊರಡೋ ಮುಂಚೆ ಅದೇ ಹನ್ನೆರಡಕ್ಕೆ ನಾನೇ ವಾಪಸ್ ಮಾಡ್ಕೊಡ್ತೀನಿ."

"ದರ ಏರಿಬಿಟ್ರೆ?"

"ಪೇಂಟಲ್ಲಿ ಬರೆದಿರೋದು ಎಲ್ಲಿಗೆ ಏರುತ್ತೆ?"

ಅಕ್ಕ ನಕ್ಕಿದ್ದಳು. ಬೇರೆ ಯಾರಾದರೂ ಹೇಳಿದ್ದರೆ ಕೇಳುತ್ತಿರಲಿಲ್ಲ. ತಮ್ಮ ಅದೇ ಕಸುಬಿನವನಲ್ಲವೇ.

ಒಂದು ಸೋಮವಾರ ಬೆಳಿಗ್ಗೆ ಶಟರ್ ಎತ್ತಿದ್ದಷ್ಟೇ, ಸಾಹುಕಾರರ ರೇಡಿಯೋ ಹೇಳಿತು: ಇಂದಿನಿಂದ ಆಚೆಯ ಒಂದು ನೋಟಿಗೆ ನಮ್ಮವು ಇಪ್ಪತ್ತೊಂಬತ್ತು. ಬೋರ್ಡಪ್ಪ ಸುದ್ದಿ ಮುಗಿಯುವ ತನಕ ನಿಲ್ಲದೆ ಹಿಂದಿನ ಕೋಣೆಗೆ ಓಡಿ ಅಕ್ಕನಿಗೆ ಫೋನ್ ಮಾಡಿದ.

"ಬ್ಯಾಂಕಿಂದ ದುಡ್ಡು ತಗೊಂಡು ಈಗಿಂದೀಗ್ಲೇ ಅಂಗಡಿಗೆ ಬಾ. ಯಾಕೆ ಏನು ಅಂತ ಕೇಳ್ಬೇಡ."

ಅವನಿಗೆ ಒಂದು ಆಸೆ ಉಳಿದಿತ್ತು. ಬೋರ್ಡಿನ ಮೇಲಿರುವ ಅಂಕಿಯೇ ಅಂಗಡಿಯ ಮಾತು ಎಂಬುದು ಸಾಹುಕಾರರ ಅಪ್ಪನ ಕಾಲದ ಕಟ್ಟಳೆ. ಅಂಕಿ ಇಳಿಯುವ ಮೊದಲು ಒಳಗೆ ಕಾಲಿಟ್ಟವರಿಗೆ, ಅಂಗಡಿ ಮುಳುಗಿದರೂ, ಆ ದರಕ್ಕೇ ಕೊಡಬೇಕು. ಎತ್ತಿದ ಶಟರನ್ನು ಮತ್ತೆ ಇಳಿಸುವುದೂ ಸಾಹುಕಾರರ ಮರ್ಯಾದೆಗೆ ಕಮ್ಮಿ. ಕೊಕ್ಕೆಯ ಅಂಕಿಯಾಗಿದ್ದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಇಳಿಸಬಹುದಿತ್ತು. ಪೇಂಟು ಅಷ್ಟು ಸುಲಭಕ್ಕೆ ಇಳಿಯಬೇಕಲ್ಲ.

ಸಾಹುಕಾರರು ಟರ್ಪೆಂಟೈನ್ ಡಬ್ಬಿ, ಹಳೇ ಬಟ್ಟೆ ತಂದು ಕೈಗಿಟ್ಟರು. "ಬೇಗ ಉಜ್ಜಪ್ಪ. ಊರಿಗೆ ಊರೇ ನುಗ್ಗಿದ್ರೆ ನನ್ನ ಕಥೆ ಮುಗೀತು."

ಬೋರ್ಡಪ್ಪ ಸ್ಟೂಲು ಹತ್ತಿದ. ಬಟ್ಟೆಯನ್ನು ಡಬ್ಬಿಗೆ ಅದ್ದಿದ ಹಾಗೆ ಮಾಡಿ, ಒಣ ಬಟ್ಟೆಯಲ್ಲೇ ಉಜ್ಜತೊಡಗಿದ. ತೋಳು ಬಿದ್ದುಹೋಗುವ ಹಾಗೆ ಉಜ್ಜಿದರೂ ಅಂಕಿಯ ಒಂದು ಚೂರೂ ಏಳಲಿಲ್ಲ. ಕಣ್ಣು ಮಾತ್ರ ಬೀದಿಯ ತಿರುವಿನಲ್ಲಿತ್ತು.

"ಹಳೇ ಪೇಂಟು, ಹಠ ಮಾಡ್ತಿದೆ."

"ಪೇಂಟೋ, ನೀನೋ?" ಎಂದರು ಸಾಹುಕಾರರು. ಅವರೂ ಕಣ್ಣು ಕಾಣದವರೇನಲ್ಲ.

ಅಷ್ಟರಲ್ಲಿ ಅಕ್ಕ ಏದುಸಿರು ಬಿಡುತ್ತ ಒಳಗೆ ಬಂದಳು. ಬೋರ್ಡಪ್ಪ ಸ್ಟೂಲಿನ ಮೇಲಿಂದಲೇ ಹೇಳಿದ: "ನಮ್ಮಕ್ಕ, ಸಾಹುಕಾರರೇ. ಬೋರ್ಡ್ ಮೇಲೆ ಇನ್ನೂ ಹನ್ನೆರಡೇ ಇದೆ."

ಸಾಹುಕಾರರು ಬೋರ್ಡು ನೋಡಿದರು, ಅವಳನ್ನು ನೋಡಿದರು. ಆಮೇಲೆ ಸೊಂಟದಿಂದ ತಿಜೋರಿಯ ಬೀಗದ ಕೈ ತೆಗೆದರು. "ಇದೆ. ಇದ್ದ ಮೇಲೆ ಮಾತು ಮುಗೀತು. ದುಡ್ಡು ಇಡಮ್ಮ."

ಅಕ್ಕ ಕೌಂಟರಿನ ಮೇಲೆ ಬ್ಯಾಂಕಿನ ಪಾಸ್‌ಬುಕ್ ಇಟ್ಟಳು.

"ಬ್ಯಾಂಕು ಬಾಗಿಲು ಹಾಕಿದೆ ಕಣೋ. ಮೂರು ದಿನ ಯಾರಿಗೂ ಒಂದು ಕಾಸೂ ಕೊಡಬಾರ್ದು ಅಂತ ಸರ್ಕಾರದ ಅಪ್ಪಣೆಯಂತೆ. ಬೆಳಿಗ್ಗೆ ರೇಡಿಯೋದಲ್ಲೇ ಹೇಳಿದ್ರಂತಲ್ಲ." ಸಾಹುಕಾರರ ಕಡೆ ತಿರುಗಿದಳು. "ದುಡ್ಡೆಲ್ಲ ಇದರಲ್ಲಿದೆ. ಬಡ್ಡೀನೂ ಹತ್ತಿಸಿದ್ದಾರೆ, ನೋಡಿ."

ಅವನು ಕೇಳದೆ ಓಡಿದ ಅರ್ಧ ಸುದ್ದಿ ಅದು.

"ಇದನ್ನ ತಗೊಂಡು ನಾನೇನು ಮಾಡ್ಲಮ್ಮ," ಎಂದು ಸಾಹುಕಾರರು ಮೆತ್ತಗೆ ಹೇಳಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಮೂರು ದಿನ ಬೋರ್ಡ್ ಹಾಗೇ ಬಿಟ್ಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದ ಬೋರ್ಡಪ್ಪ.

ಸಾಹುಕಾರರು ಬೀದಿಯ ಕಡೆ ಕೈ ತೋರಿಸಿದರು. ಜನ ದಾಪುಗಾಲು ಹಾಕಿಕೊಂಡು ಈ ಕಡೆಗೇ ಬರುತ್ತಿದ್ದರು. ಬೋರ್ಡಪ್ಪನಿಗೆ ಲೆಕ್ಕ ಹಾಕಲು ಕಾಗದ ಬೇಕಾಗಲಿಲ್ಲ. ಹೊಸ ದರದಲ್ಲಿ ಅಕ್ಕನಿಗೆ ಸಿಗುವುದು ಅವಳು ಡಬ್ಬಿಯಲ್ಲಿ ತಂದದ್ದರ ಅರ್ಧಕ್ಕೂ ಕಡಿಮೆ. ಅರ್ಧ ಎದೆಗೆ ಆಪರೇಷನ್ ಮಾಡುವ ಆಸ್ಪತ್ರೆ ಯಾವ ದೇಶದಲ್ಲೂ ಇಲ್ಲ.

ಅಕ್ಕ ಬಯ್ಯಲಿಲ್ಲ. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಪಾಸ್‌ಬುಕ್ಕನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡಳು.

"ಒರೆಸಿ ಮುಗಿಸು. ಆಮೇಲೆ ನನ್ನ ಜೊತೆ ಮನೆಗೆ ಬಾ," ಎಂದಳು. "ನಿನ್ನ ಫೋನ್ ಬಂದಿದ್ದು ಕೇಳಿ, ಆಸ್ಪತ್ರೆ ತಾರೀಕು ಸಿಕ್ತು ಅಂದ್ಕೊಂಡ್ರು ನಿಮ್ಮ ಭಾವ. ಬಟ್ಟೆ ಚೀಲ ಪಕ್ಕದಲ್ಲಿಟ್ಕೊಂಡು ಕೂತಿದಾರೆ. ನನ್ನ ಕೈಲಿ ಆಗಲ್ಲ ಕಣೋ, ನೀನೇ ಹೇಳ್ಬೇಕು."

ಬೋರ್ಡಪ್ಪ ಆಗ ಮೊದಲ ಸಲ ಬಟ್ಟೆಯನ್ನು ಟರ್ಪೆಂಟೈನಿಗೆ ಅದ್ದಿದ. ಇಷ್ಟು ವರ್ಷ ನಿಂತಿದ್ದ ಹನ್ನೆರಡು ನಾಲ್ಕು ಸಲ ಉಜ್ಜುವಷ್ಟರಲ್ಲಿ ಇಳಿದುಹೋಯಿತು.