ಜ್ವರ ಬರೆಸಿದ ಪುಟ

ಅಂದು ಬೆಳಿಗ್ಗೆ ಮೋಡ ಮನೆಯ ಮಾಡಿಗೆ ತಾಗುವಷ್ಟು ಕೆಳಗಿಳಿದಿತ್ತು. ಗಾಳಿ ಎಷ್ಟು ಕೊರೆಯುತ್ತಿತ್ತೆಂದರೆ ಕಿಟಕಿಯ ಗಾಜು ಮುಟ್ಟಿದ ಬೆರಳು ಮರಗಟ್ಟುತ್ತಿತ್ತು. ಅಂಥ ಚಳಿಯಲ್ಲಿ ಬಚ್ಚಲಮನೆಯ ಬಕೆಟ್ಟಿಗೆ ತಣ್ಣೀರು ಬೀಳುವ ಸದ್ದು ಕೇಳಿ ಅತ್ತಿಗೆ ಅತ್ತ ಓಡಿದಳು.

ಒಳಗಿದ್ದವನು ಲೋಕಕ್ಕೆಲ್ಲ ದೊಡ್ಡ ಕಾದಂಬರಿಕಾರ, ಅವಳಿಗೆ ಮೈದುನ. ಅವನ ಕೋಳಿಕಾಲಿನ ಅಕ್ಷರ ಬಿಡಿಸಿ ಮೂವತ್ತೈದು ವರ್ಷದಿಂದ ಟೈಪು ಮಾಡಿಕೊಟ್ಟವಳು ಅವಳೇ. ಹದಿನೆಂಟು ಕಾದಂಬರಿಗಳಾಗಿದ್ದವು. ಇಂದು ಹತ್ತೊಂಬತ್ತನೆಯದರ ಕೊನೆಯ ಅಧ್ಯಾಯ. ಮನೆಯಲ್ಲಿ ಯಾರ ಕಾಲೂ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಪ್ರಕಾಶಕರು ಆಗಲೇ ಮೂರು ಸಲ ಫೋನು ಮಾಡಿದ್ದರು.

ಆ ತಣ್ಣೀರಿಗೊಂದು ಕಥೆಯಿದೆ. ಮೊದಲ ಕಾದಂಬರಿಯ ಕೊನೆಯನ್ನು ಅವನು ಸುಡುವ ಜ್ವರದಲ್ಲಿ ಬರೆದು, ಹಾಗೆಯೇ ಆಸ್ಪತ್ರೆ ಸೇರಿದ್ದ. ‘ಅವಳು ಅಂದೂ ಬಾಗಿಲಿಗೆ ಚಿಲಕ ಹಾಕಲಿಲ್ಲ’ ಎಂದು ಮುಗಿಯುವ ಆ ಪುಟ ಓದುಗರಿಗೆ ಬಾಯಿಪಾಠವಾಯಿತು. ಅವನಿಗೋ ಬರೆದ ನೆನಪೇ ಇಲ್ಲ. ‘ಜ್ವರ ಬರೆಸಿತು’ ಎಂದು ಸಭೆಸಭೆಯಲ್ಲಿ ಹೇಳಿದ. ಅಷ್ಟಕ್ಕೇ ಬಿಟ್ಟನೇ? ಅಂದಿನಿಂದ ಪ್ರತಿ ಕಾದಂಬರಿಯ ಕೊನೆಗೂ ತಣ್ಣೀರು ಸುರಿದುಕೊಂಡು, ಒದ್ದೆ ತಲೆಯಲ್ಲಿ ಫ್ಯಾನಿನ ಕೆಳಗೆ ಕೂತು ಜ್ವರವನ್ನು ಕರೆಯತೊಡಗಿದ. ಹೆಚ್ಚಿನ ಸಲ ಬಂದದ್ದು ಬರೀ ಸೀನು.

ಆದರೆ ಈ ವರ್ಷ ವೈದ್ಯರು ಅವನ ಎದೆಯ ಚಿತ್ರ ತೋರಿಸಿ, ‘ಇನ್ನೊಮ್ಮೆ ಶೀತವಾದರೆ ನನ್ನ ಕೈಯಲ್ಲಿಲ್ಲ’ ಎಂದಿದ್ದರು.

ಅತ್ತಿಗೆ ಕಣ್ಣು ಮುಚ್ಚಿ, ದೇವರೇ, ನಾಲಿಗೆಗೆ ಬಲ ಕೊಡು ಎಂದುಕೊಂಡು ಬಾಗಿಲು ಬಡಿದಳು.

“ನೀರು ಸುರ್ಕೋಬೇಡ, ಮಾರಾಯ.”

“ಕೊನೇ ಅಧ್ಯಾಯ ಅತ್ತಿಗೆ. ಇವತ್ತೊಂದಿನ ಬೈಬೇಡಿ.”

“ಆ ಪುಟ ಜ್ವರ ಬರೆದದ್ದಲ್ಲ. ನಾನು ಬರೆದದ್ದು.”

ನೀರಿನ ಸದ್ದು ನಿಂತಿತು. ಹಜಾರದಲ್ಲಿ ಪತ್ರಿಕೆ ಓದುತ್ತಿದ್ದ ಅವಳ ಗಂಡ ಪತ್ರಿಕೆ ಕೆಳಗಿಳಿಸಿದ.

ಬಾಗಿಲಿಗೇ ಎಲ್ಲ ಹೇಳಿದಳು. ಆ ಜ್ವರದ ದಿನ ಪ್ರಕಾಶಕರ ಆಳು ಹೊಸಿಲ ಮೇಲೆ ನಿಂತಿದ್ದ. ಗಾಳಿ ಬೀಸಿತು, ಕೊನೆಯ ಹಾಳೆ ಕಾಣೆಯಾಯಿತು. ಹುಡುಕಿ ಹುಡುಕಿ ಸಾಕಾಗಿ, ಮೈಮೇಲೆ ಪ್ರಜ್ಞೆಯಿಲ್ಲದವನನ್ನು ಕೇಳಲಾಗದೆ, ತನಗೆ ತೋಚಿದ್ದನ್ನು ಟೈಪು ಮಾಡಿ ಕಳಿಸಿದಳು. ಎರಡು ವರ್ಷದ ಮೇಲೆ ಬೀರು ಸರಿಸಿದಾಗ ಹಾಳೆ ಸಿಕ್ಕಿತು. ಅಷ್ಟರಲ್ಲಿ ಪುಸ್ತಕ ನಾಲ್ಕನೇ ಮುದ್ರಣ ಕಂಡಿತ್ತು.

ಬಾಗಿಲು ತೆರೆಯಿತು. ಸೊಂಟಕ್ಕೆ ಟವೆಲ್ಲು ಸುತ್ತಿಕೊಂಡು, ಕೈಯಲ್ಲಿ ಚೊಂಬು ಹಿಡಿದು ನಿಂತಿದ್ದ. ಮುಖದಲ್ಲಿ ಸಿಟ್ಟೋ ನಗುವೋ ತಿಳಿಯಲಿಲ್ಲ.

“ಇಷ್ಟು ವರ್ಷ ನಿಮ್ಮ ಸಾಲಿಗೆ ನಾನು ಚಪ್ಪಾಳೆ ತಗೊಂಡೆನಾ?”

“ನಾನೂ ಹಿಂದಿನ ಸಾಲಲ್ಲಿ ಕೂತು ತಟ್ಟಿದೀನಲ್ಲ.”

“ಹದಿನೇಳು ಸಲ ತಣ್ಣೀರು ಸುರ್ಕೊಂಡೆನಲ್ಲ ಅತ್ತಿಗೆ. ಒಂದು ಸಲವಾದ್ರೂ ಹೇಳಬಾರದಿತ್ತಾ?”

“ಒಂಬತ್ತನೇದಕ್ಕೆ ಹೇಳೋಣ ಅಂದ್ಕೊಂಡೆ. ಅದಕ್ಕೆ ಬಹುಮಾನ ಬಂದುಬಿಡ್ತು. ನೀರಲ್ಲೇ ಏನೋ ಇರಬೇಕು ಅಂತ ನಂಗೂ ಅನುಮಾನ ಆಯ್ತು.”

ಹಜಾರದಿಂದ ಅಣ್ಣನ ನಗು ಮೊದಲು ಸಿಡಿಯಿತು, ಆಮೇಲೆ ತಮ್ಮನದು. ನಕ್ಕೂ ನಕ್ಕೂ ಅವನು ಬಾಗಿಲಿಗೇ ಒರಗಿದ. ವರ್ಷಗಟ್ಟಲೆ ಹೊತ್ತ ಮೂಟೆ ಇಳಿಸಿದವನ ಹಾಗೆ ಭುಜ ಹಗುರಾಗಿ ಕಂಡಿತು.

“ಅಂದ್ರೆ ಮಿಕ್ಕ ಹದಿನೇಳರ ಕೊನೆ ನಂದೇ, ಜ್ವರದ್ದಲ್ಲ. ಒಲೆ ಮೇಲೆ ನೀರಿಡಿ. ಇವತ್ತಿನದನ್ನ ಬಿಸಿನೀರಲ್ಲಿ ಮಿಂದೇ ಬರೀತೀನಿ.” ಆಮೇಲೆ ದನಿ ತಗ್ಗಿಸಿ ಕೇಳಿದ, “ನನ್ನ ಪುಟ ಇದೆಯಾ?”

ಅತ್ತಿಗೆ ಹೋಗಿ ಟೈಪು ಯಂತ್ರದ ಮುಚ್ಚಳ ತೆಗೆದು, ಅದರ ಒಳಬದಿಗೆ ಅಂಟಿಸಿದ್ದ ಲಕೋಟೆ ಬಿಡಿಸಿಕೊಂಡು ಬಂದಳು. ಅವನು ಚೊಂಬು ಕೆಳಗಿಟ್ಟು ಟವೆಲ್ಲಿನ ಅಂಚಿಗೆ ಎರಡೂ ಕೈ ಒರೆಸಿಕೊಂಡ. ಲಕೋಟೆಯೊಳಗಿನ ಹಳದಿಯಾದ ಹಾಳೆಯನ್ನು ಅವಳು ಮಡಿಕೆ ಬಿಚ್ಚದೆ ಅವನ ಅಂಗೈ ಮೇಲಿಟ್ಟಳು.